ಜರ್ಮನ್ ಗಾಡಿಯ ಡಮ್ಮಿ

ಹೊಳೆಪ್ಪ ಆ ಕರೀ ಕಾರನ್ನು ಕೊಂಡದ್ದು ಓಡಾಡಲಿಕ್ಕಲ್ಲ, ಇಳಿಯಲಿಕ್ಕೆ. ಓಡಾಡಲು ಅವನಿಗೆ ಸ್ಕೂಟರ್ ಇತ್ತು. ಆದರೆ ಸ್ಕೂಟರಿನಿಂದ ಇಳಿದ ಮನುಷ್ಯನನ್ನು ಯಾರೂ ತಿರುಗಿ ನೋಡುವುದಿಲ್ಲ. ಕಾರಿನ ಬಾಗಿಲು ತೆರೆದು, ಮೊದಲು ಒಂದು ಕಾಲು, ಆಮೇಲೆ ತಲೆ, ಆಮೇಲೆ ಹೊಟ್ಟೆ, ಹೀಗೆ ಕಂತುಕಂತಾಗಿ ಇಳಿದರೆ ಝುವಾರಿನಗರದ ಓಣಿಗೆ ಓಣಿಯೇ ಎದ್ದು ನಿಲ್ಲುತ್ತದೆ ಎಂಬುದು ಅವನ ಲೆಕ್ಕ.

ಗಾಡಿ ಪೋರ್ತುಗೀಜರ ಕಾಲದಲ್ಲಿ ಹಡಗೇರಿ ಗೋವೆಗೆ ಬಂದ ಜರ್ಮನ್ ಡೀಸೆಲ್ ಕಾರು. ಯಾರೋ ಜಮೀನ್ದಾರರ ಮನೆಯಲ್ಲಿ ಯೌವನ ಕಳೆದು, ಮಡಗಾವಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮುಪ್ಪಾಗಿ, ಇನ್ನೇನು ಗುಜರಿಗೆ ಹೋಗಬೇಕು ಎನ್ನುವಾಗ ಹೊಳೆಪ್ಪನ ಕಣ್ಣಿಗೆ ಬಿತ್ತು. ಅದರ ಹೆಸರನ್ನು ಸರಿಯಾಗಿ ಉಚ್ಚರಿಸಲು ಅವನಿಗೆ ಕೊನೆಯವರೆಗೂ ಆಗಲಿಲ್ಲ. ‘ಜರ್ಮನ್ ಗಾಡಿ’ ಎನ್ನುತ್ತಿದ್ದ. ಜರ್ಮನಿ ಅವನ ಸೋದರಮಾವನ ಊರೇನೋ ಎನ್ನುವ ಹಾಗೆ.

ಸುಳ್ಳು ಯಾಕೆ, ಅದರ ಹಿಂದಿನ ಸೀಟು ಸತ್ಯವ್ವನಿಗೂ ಹಿಡಿಸಿತ್ತು. ಹುನಗುಂದದ ಕಡೆಯಿಂದ ಗಂಡನ ಬೆನ್ನು ಹಿಡಿದು ಬಂದವಳು ಅವಳು. ಮೊದಲು ಮೋತಿ ಡೊಂಗರ ಎಂಬ ಗುಡ್ಡದ ಮೇಲಿನ ತಗಡಿನ ಖೋಲಿಯಲ್ಲಿ ಸಂಸಾರ ಹೂಡಿ, ಲಾಲಿಬಾಯಿ ಎಂಬ ಲಂಬಾಣಿ ಗೆಳತಿಯ ಜೋಡಿ ಸಿಮೆಂಟಿನ ಬುಟ್ಟಿ ಹೊತ್ತಿದ್ದಳು. ಆಮೇಲೆ ಹೊಳೆಪ್ಪ ಆಳುಗಳನ್ನು ನೋಡಿಕೊಳ್ಳುವ ಮುಕಾದಮನಾದ, ಮುಕಾದಮ ಹೋಗಿ ಲೇಬರ್ ಕಂತ್ರಾಟದಾರನಾದ. ಸತ್ಯವ್ವನ ತಲೆಯ ಮೇಲಿನ ಬುಟ್ಟಿ ಇಳಿಯಿತು. ಲಾಲಿಬಾಯಿಯದು ಇಳಿಯಲಿಲ್ಲ. ಕಾರಿನ ಕಿಟಕಿಯಿಂದ ಲಾಲಿಬಾಯಿ ಕಂಡಾಗಲೆಲ್ಲ ಸತ್ಯವ್ವ ಸೆರಗು ಸರಿಪಡಿಸಿಕೊಳ್ಳುವ ನೆಪದಲ್ಲಿ ಮುಖ ಆ ಕಡೆ ತಿರುಗಿಸುತ್ತಿದ್ದಳು. ನಾಚಿಕೆಯಿಂದಲೋ ಜಂಬದಿಂದಲೋ, ಅವಳಿಗೇ ಗೊತ್ತಿರಲಿಲ್ಲ.

ಇನ್ನೊಂದು ಸಂಗತಿ. ಹೊಳೆಪ್ಪನ ಆಸ್ತಿಯೆಲ್ಲ ಸತ್ಯವ್ವನ ಹೆಸರಿನಲ್ಲಿತ್ತು. ‘ಸರಕಾರದವರ ಕಣ್ಣು ಗಂಡಸರ ಹೆಸರಿನ ಮೇಲೇ ಬೀಳ್ತದ’ ಎಂದು ವಾಸ್ಕೋದ ಒಬ್ಬ ಜಾಣ ಅವನ ಕಿವಿಯೂದಿದ್ದ. ಹೀಗಾಗಿ ಮನೆ, ಕಾರು, ಲೇಬರ್ ಲೈಸೆನ್ಸು ಎಲ್ಲಕ್ಕೂ ಅವಳೇ ಯಜಮಾನಿ. ‘ಇಲ್ಲಿ ಸೈ ಮಾಡು’ ಎಂದಾಗ ಸೈ ಮಾಡುವುದು, ‘ಒಳಗ ಹೋಗು’ ಎಂದಾಗ ಒಳಗೆ ಹೋಗುವುದು, ಇವೆರಡು ಅವಳ ಯಜಮಾನಿಕೆಯ ಕೆಲಸಗಳು.

ಪಂಚಾಯಿತಿಯಲ್ಲಿ ಹೆಂಗಸರಿಗೆ ಮೀಸಲು ಬಂದ ವರ್ಷ ಅದು. ಮೆಂಬರಾಗಲೆಂದು ಹೊಳೆಪ್ಪ ಬಿಳೀ ಜುಬ್ಬಾಗಳನ್ನು ಹೊಲಿಸಿಟ್ಟಿದ್ದ. ಅಷ್ಟರಲ್ಲಿ ಅವರ ವಾರ್ಡು ಹೆಂಗಸರ ಪಾಲಾಯಿತು. ಸಿಟ್ಟಿಗೆ ಊಟ ಬಿಟ್ಟು ಮಲಗಿದವನಿಗೆ, ಹಸಿವು ಹೆಚ್ಚಾದ ಮೇಲೆ, ತನಗೊಬ್ಬ ಹೆಂಡತಿ ಇದ್ದಾಳೆಂಬುದು ನೆನಪಾಯಿತು. ಮರುದಿನವೇ ಸತ್ಯವ್ವ ಅಭ್ಯರ್ಥಿಯಾದಳು. ಎದುರಿಗೆ ನಿಂತವಳು ಲಾಲಿಬಾಯಿ.

ಚಹಾದಂಗಡಿಯಲ್ಲಿ ಹೊಳೆಪ್ಪ ಎಲ್ಲರಿಗೂ ಬಿಡಿಸಿ ಹೇಳಿದ: “ನಮ್ಮ ಮನಿಯಾಕಿ ಬರೇ ಡಮ್ಮಿ ರೀ. ಖರೇ ಮೆಂಬರ್ ನಾನ.” ಪಕ್ಕದ ಅಂಗಡಿಗೆ ಬೆಲ್ಲ ತರಲು ಬಂದಿದ್ದ ಸತ್ಯವ್ವನ ಕಿವಿಗೂ ಅದು ಬಿತ್ತು. ಡಮ್ಮಿ ಎಂದರೇನೆಂದು ಅವಳಿಗೆ ಗೊತ್ತಿರಲಿಲ್ಲ. ಕೇಳಲೂ ಹೋಗಲಿಲ್ಲ.

ಚುನಾವಣೆಗೆ ಸತ್ಯವ್ವನಿಗೆ ಸಿಕ್ಕ ಗುರುತು ಚಹಾದ ಕಿಟ್ಲಿ. ಪ್ರಚಾರದ ಮೊದಲ ದಿನ ಹೊಳೆಪ್ಪ ತಾನೇ ಸ್ಟೀರಿಂಗ್ ಹಿಡಿದು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಓಣಿಯ ಏರು ಹತ್ತಿಸಿದ. ಅರ್ಧ ಏರಿನಲ್ಲಿ ಬಾನೆಟ್ಟಿನ ಸಂದುಗಳಿಂದ ಬುಸ್ಸೆಂದು ಹಬೆ ಎದ್ದಿತು. ಜನ ಗುಂಪುಗೂಡಿದರು. “ಗುರುತಿಗಿ ತಕ್ಕ ಗಾಡಿ ತಂದಾರ ನೋಡು!” ಎಂದ ಒಬ್ಬ. ಹೊಳೆಪ್ಪ ಅದನ್ನು ಹೊಗಳಿಕೆಯೆಂದೇ ತಿಳಿದು ಕೈ ಮುಗಿದ.

ಗಾಡಿಯನ್ನು ಮಕ್ತುಮಸಾಬನ ಗ್ಯಾರೇಜಿಗೆ ನೂಕಿಕೊಂಡು ಹೋದರು. ಗ್ಯಾರೇಜು ಎಂದರೆ ಹೆದ್ದಾರಿಯ ಬದಿಯ ಒಂದು ಮಾವಿನ ಮರ, ಅದಕ್ಕೆ ಬಡಿದ ‘ಡೀಸೆಲ್ ಡಾಕ್ಟರ್’ ಎಂಬ ಬೋರ್ಡು. ತಾಳಿಕೋಟಿಯ ಮಕ್ತುಮಸಾಬ ಇಂಜಿನ್ನಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಆಮೇಲೆ ಆಕಾಶ ನೋಡಿ ರೋಗ ಹೇಳುತ್ತಿದ್ದ. ರೋಗ ತಪ್ಪಾದರೆ ಗಾಡಿಯನ್ನೇ ಬೈಯುತ್ತಿದ್ದ.

“ರೇಡಿಯೇಟರ್ ಸೋರಾಕತ್ತೈತಿ, ಸಾವ್ಕಾರ್ರ. ಅರಿಷಿಣ ಹಾಕಿದ್ರ ಎರಡ ನಿಮಿಷದಾಗ ತೂತು ಬಂದ್!”

ಸತ್ಯವ್ವನ ಅಡಿಗೆಮನೆಯ ಅರಿಷಿಣದ ಡಬ್ಬಿ ರೇಡಿಯೇಟರಿನ ಹೊಟ್ಟೆ ಸೇರಿತು. ಮರುದಿನ ಗಾಡಿ ಅದೇ ಏರಿನಲ್ಲಿ ನಿಂತು ಹಳದಿ ಹಬೆ ಬಿಟ್ಟಿತು. ಓಣಿಯ ತುಂಬ ಸಾರು ಕುದಿಯುವ ವಾಸನೆ. ಹೊಳೆಪ್ಪನ ಹೊಸ ಜುಬ್ಬಾದ ಎದೆ ಮದುಮಗನ ಜುಬ್ಬಾದಂತೆ ಹಳದಿಯಾಯಿತು.

ಮಕ್ತುಮಸಾಬ ಮತ್ತೆ ಆಕಾಶ ನೋಡಿದ. ಈ ಸಲ ನೀರಿನ ಪಂಪು ಎಂದ. ಪಂಪು ಬಿಚ್ಚಿದ, ಒರೆಸಿದ, ಹಾಕಿದ. ಆಮೇಲೆ ಇಂಜಿನ್ನಿನ ತಲೆಯನ್ನೇ ಬಿಚ್ಚಿ ನೋಡಿ, ಏನೂ ಕಾಣದೆ, “ತಲಿ ಭೇಷ್ ಐತಿ” ಎಂದು ಸರ್ಟಿಫಿಕೇಟು ಕೊಟ್ಟು ಮುಚ್ಚಿದ. ಹೊಳೆಪ್ಪ ಸ್ಟೂಲಿನ ಮೇಲೆ ಕುಳಿತು, ಜರ್ಮನಿಯವರು ಈ ಗಾಡಿಯನ್ನು ಹೇಗೆ ಕಟ್ಟಿದರೆಂದು ಬಂದವರಿಗೆಲ್ಲ ವಿವರಿಸುತ್ತಿದ್ದ.

ರೋಗ ಸಿಕ್ಕಿದ್ದು ಅಕಸ್ಮಾತ್ತಾಗಿ. ಮಕ್ತುಮಸಾಬನ ಬೋಲ್ಟು ಬಿಚ್ಚುವ ಪಾನಾ ಕೈಜಾರಿ ಇಂಜಿನ್ನಿನ ಹಿಂದೆ ಬಿತ್ತು. ಇಂಜಿನ್ನಿನ ಬೆನ್ನಿಗೂ, ಸೀಟಿನಲ್ಲಿ ಕೂತವರ ಕಾಲಿನ ಮುಂದಿರುವ ತಗಡಿನ ಗೋಡೆಗೂ ನಡುವೆ ಹಪ್ಪಳ ತೂರುವಷ್ಟು ಸಂದು. ಕೈ ಹೋಗಲಿಲ್ಲ. ಕ್ಷೌರದ ಕನ್ನಡಿಯನ್ನು ಕೋಲಿಗೆ ಕಟ್ಟಿ ಇಳಿಬಿಟ್ಟು ಬಗ್ಗಿದವನು, “ಯಾ ಅಲ್ಲಾ!” ಎಂದು ಎದ್ದವನೇ ಬಾನೆಟ್ಟಿಗೆ ತಲೆ ಹೊಡೆಸಿಕೊಂಡ. ಪಾನಾ ಕಂಡಿತ್ತು. ಅದರ ಪಕ್ಕದಲ್ಲೇ ನೀರು ಜಿನುಗುವುದೂ ಕಂಡಿತ್ತು.

“ನಾ ಮೊದಲ ಹೇಳಿದ್ನಿಲ್ರಿ ಸಾವ್ಕಾರ್ರ? ಡಮ್ಮಿ ಹೋಗೈತಿ!”

ಅವನು ಹಾಗೆ ಹೇಳಿಯೇ ಇರಲಿಲ್ಲ. ಊಟದ ಡಬ್ಬಿ ತಂದು ನಿಂತಿದ್ದ ಸತ್ಯವ್ವ ಆ ಮಾತಿಗೆ ತಟ್ಟನೆ ತಲೆಯೆತ್ತಿದಳು.

“ಡಮ್ಮಿ ಅಂದ್ರ ಏನೋ ಮಕ್ತುಮಣ್ಣ?”

“ಅದೇನ ದೊಡ್ಡ ಸಾಮಾನಲ್ರಿ ಅಕ್ಕಾರ. ಇಂಜಿನ್ ಎರಕಾ ಹೊಯ್ಯುವಾಗ ಬಿಟ್ಟಿರೋ ತೂತಿಗಿ ಬಡಿದ ಒಂದ ತಗಡಿನ ಬಿಲ್ಲಿ. ತಿರಗಂಗಿಲ್ಲ, ಸಪ್ಪಳ ಮಾಡಂಗಿಲ್ಲ. ತನ್ನ ಜಾಗಾದಾಗ ಸುಮ್ಮ ಕುಂತಿರ್ತದ.”

“ಅದು ಇಲ್ಲದಿದ್ರ?”

“ಇಲ್ಲದಿದ್ರ ನೀರೆಲ್ಲಾ ಸೋರಿ ಇಂಜಿನ್ ಸುಟ್ಟು ಕರಕ್ ಆಗ್ತದ್ರಿ.”

ಸತ್ಯವ್ವ ಗಂಡನ ಮುಖ ನೋಡಿದಳು. ಅವನು ರೊಟ್ಟಿ ಮುರಿಯುತ್ತ, “ಚಟ್ನಿ ಯಾಕ ತಂದಿಲ್ಲ?” ಎಂದ.

ಡಮ್ಮಿ ಬದಲಿಸಲು ಎರಡು ದಾರಿ ಇದ್ದವು. ಒಂದು, ಗಾಡಿಯ ಒಳಗಿನಿಂದ ಆ ತಗಡಿನ ಗೋಡೆಯನ್ನು ಊಟದ ತಾಟಿನಷ್ಟು ಕತ್ತರಿಸಿ, ಅಲ್ಲಿಂದ ಹೊಸ ಬಿಲ್ಲೆ ಬಡಿದು, ತೂತು ಮುಚ್ಚುವುದು. ಅರ್ಧ ದಿನದ ಕೆಲಸ. ಎರಡನೆಯದು, ಇಂಜಿನ್ ಪೂರ್ತಿ ಎತ್ತಿ ಹೊರಗಿಡುವುದು.

“ಜರ್ಮನ್ ಗಾಡಿಗಿ ಉಳಿ ಹಚ್ತೀಯಾ?” ಹೊಳೆಪ್ಪ ಸ್ಟೂಲಿನಿಂದ ಎದ್ದೇ ಬಿಟ್ಟ. “ನನ್ನ ಎದಿಗಿ ಹಚ್ಚು ಮೊದಲ! ಎತ್ತು ಇಂಜಿನ್.”

ಮಾವಿನ ಟೊಂಗೆಗೆ ಚೈನ್ ಪುಲ್ಲಿ ಕಟ್ಟಿದರು. ಬಾನೆಟ್ಟು, ರೇಡಿಯೇಟರು, ಕೊಳವೆ, ತಂತಿ ಒಂದೊಂದೇ ಕಳಚಿ ಗೋಣಿಚೀಲದ ಮೇಲೆ ಸಾಲಾಗಿ ಮಲಗಿದವು. ಹೊಳೆಪ್ಪನ ಮುಕಾದಮ ಚಂದಪ್ಪ ಆಳುಗಳನ್ನು ಕರೆತಂದು ಚೈನು ಎಳೆಸಿದ. ಟೊಂಗೆ ಕಿರುಗುಟ್ಟಿತು, ಇಂಜಿನ್ ಮೇಲೆದ್ದು, ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಟೈರಿನ ಮೇಲೆ ಎಮ್ಮೆಯ ಹಾಗೆ ಕುಳಿತಿತು. ಅದರ ಬೆನ್ನಲ್ಲಿ ತುಕ್ಕು ತಿಂದ ಡಮ್ಮಿ. ಮಕ್ತುಮಸಾಬ ಬೆರಳು ಒತ್ತಿದೊಡನೆ ಸಂಡಿಗೆಯಂತೆ ಪುಡಿಯಾಯಿತು. ಪಕ್ಕದಲ್ಲಿ ಅದೇ ತರಹದ ಇನ್ನೊಂದು ಇತ್ತು. “ಇದಕ್ಕೇನೂ ಆಗಿಲ್ಲ, ಉಕ್ಕಿನಂಗ ಐತಿ” ಎಂದು ಅದರ ಮೇಲೆ ಬೆರಳಿನಿಂದ ಟಕ್ ಟಕ್ ಬಡಿದ.

ಆ ಅಳತೆಯ ಬಿಲ್ಲೆ ಗೋವೆಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ವಾಸ್ಕೋದ ಲೇತಿನವನ ಹತ್ತಿರ ಹಿತ್ತಾಳೆಯಲ್ಲಿ ಕಡೆಸಬೇಕಾಯಿತು. ಅವನೋ ಮೂರು ರಾಜರ ಫೆಸ್ತ ಎಂಬ ಇಗರ್ಜಿಯ ಹಬ್ಬಕ್ಕೆಂದು ಲೇತು ಮುಚ್ಚಿ ಕಾಸಾವಲಿಯ ನೆಂಟರ ಮನೆಗೆ ಹೋಗಿದ್ದ. ಯಾವಾಗ ಬರುತ್ತಾನೆ ಎಂದು ಕೇಳಿದರೆ ಮನೆಯವರು, “ಫೆಸ್ತ ಮುಗಿದ ಮೇಲೆ” ಎಂದರು. ಫೆಸ್ತ ಯಾವಾಗ ಮುಗಿಯುತ್ತದೆ ಎಂದರೆ, “ಅವನು ಬಂದ ಮೇಲೆ” ಎಂದರು.

ಇತ್ತ ಪ್ರಚಾರದ ಕೊನೆಯ ದಿನ ಬಂತು. ಮೆರವಣಿಗೆಗೆ ಹೊಳೆಪ್ಪ ಹಾರ, ಮೈಕು, ಹಲಗೆ ಬಾರಿಸುವವರು ಎಲ್ಲ ಹೇಳಿಯಾಗಿತ್ತು.

“ನಡಕೊಂತ ಹೋಗೂಣ್ರಿ,” ಎಂದಳು ಸತ್ಯವ್ವ. “ನಾಕ ಓಣಿ ಅಷ್ಟ.”

“ನಡಕೊಂತ? ಲಾಲಿಬಾಯಿಗೂ ನಿನಗೂ ಏನ್ ಫರಕು ಉಳೀತು ಹಂಗಾದ್ರ? ಸುಮ್ಮ ಕುಂದ್ರು. ಚಂದಪ್ಪಾ, ಬಾನೆಟ್ ತಿರುಗಿ ಹಚ್ಚಿ ಮುಚ್ಚು. ನೂಕರಿ ಗಾಡಿ!”

ಚಂದಪ್ಪ ತಲೆ ಕೆರೆದುಕೊಂಡ. “ಸಾವ್ಕಾರ್ರ, ನೂಕಿದವ್ರಿಗಿ ಇವತ್ತಿನ ಕೂಲಿ ಹಾಜರಿ ಹಾಕ್ತೀರೇನ್ರಿ?”

“ಇದು ಕೆಲಸ ಅಲ್ಲೋ, ಸೇವಾ!” ಎಂದ ಹೊಳೆಪ್ಪ.

ಹೀಗೆ ಇಂಜಿನ್ ಇಲ್ಲದ ಜರ್ಮನ್ ಗಾಡಿ ಮೆರವಣಿಗೆ ಹೊರಟಿತು. ಇಂಜಿನ್ನಿನ ಭಾರ ಇಳಿದದ್ದರಿಂದ ಮುಂದಿನ ಸ್ಪ್ರಿಂಗುಗಳು ಎದ್ದು, ಅದರ ಮೂತಿ ಆಕಾಶಕ್ಕೆ ನೆಟ್ಟಿತ್ತು. ಆಳುಗಳು ಭಕ್ತರ ಹಾಗೆ ಕಾಣಬೇಕೆಂದು ಅವರ ಹಣೆಗೆಲ್ಲ ಗುಲಾಲು ಬಳಿಸಲಾಗಿತ್ತು. ಹಿಂದೆ ಕೈಗಾಡಿಯಲ್ಲಿ ಮೈಕಿನ ಜನರೇಟರು ಧಡಧಡ ಎನ್ನುತ್ತಿತ್ತು. ಹೊಗೆಯೂ ಬಿಡುತ್ತಿತ್ತು. ದೂರದಿಂದ ನೋಡಿದವರಿಗೆ ಗಾಡಿಯೇ ಓಡುತ್ತಿದೆ ಎನ್ನಿಸಬೇಕು. ಹೊಳೆಪ್ಪ ಗಂಭೀರವಾಗಿ ಸ್ಟೀರಿಂಗ್ ತಿರುಗಿಸುತ್ತಿದ್ದ. ನಡುನಡುವೆ ಗೇರು ಬದಲಿಸಿದಂತೆಯೂ ಮಾಡುತ್ತಿದ್ದ. ಸತ್ಯವ್ವ ಹಿಂದಿನ ಸೀಟಿನಲ್ಲಿ ಕೈ ಮುಗಿದು ಕುಳಿತಿದ್ದಳು. ಗಾಡಿಯ ಮೂತಿ ಮೇಲಾದದ್ದರಿಂದ ಅವಳಿಗೆ ಜನರ ಮುಖ ಕಾಣುತ್ತಿರಲಿಲ್ಲ, ಬರೀ ತಗಡಿನ ಮಾಡುಗಳು ಕಾಣುತ್ತಿದ್ದವು. ತಾನು ಮಾಡುಗಳಿಗೆ ಕೈ ಮುಗಿಯುತ್ತಿದ್ದೇನೆ ಎಂದು ಅವಳಿಗೆ ಅನಿಸಿತು.

ಏರಿನ ಓಣಿಯಲ್ಲಿ ವಾರ್ಡಿಗೆಲ್ಲ ಇದ್ದ ಒಂದೇ ನಳ. ಕೊಡಗಳ ಸಾಲು ರಸ್ತೆಗೆ ಅಡ್ಡ ಇತ್ತು. ಗಾಡಿ ನಿಂತಿತು. ನೂಕುವವರು ಒಂದು ಕೈಯಿಂದ ಗಾಡಿ ತಡೆದು, ಇನ್ನೊಂದು ಕೈಯಿಂದ ಬೆವರು ಒರೆಸಿಕೊಂಡರು. ಕೊಡ ಹಿಡಿದು ನಿಂತಿದ್ದ ಲಾಲಿಬಾಯಿ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದಳು.

“ಏನ್ರಿ ಹೊಳೆಪ್ಪಣ್ಣಾ, ಇವತ್ತ ನಿಮ್ಮ ಕಿಟ್ಲಿ ಕುದಿಯಾಕತ್ತಿಲ್ಲಲಾ?”

ಹಾಗೆನ್ನುತ್ತಲೇ ಅವಳು ಬಾನೆಟ್ಟು ಎತ್ತಿದ್ದಳು. ಒಳಗೆ ಇಂಜಿನ್ ಇರಬೇಕಾದಲ್ಲಿ ಓಣಿಯ ನೆಲ ಕಾಣುತ್ತಿತ್ತು. ನೆಲದ ಮೇಲೊಂದು ಕೋಳಿ. ನಳದ ಹೆಂಗಸರು ಕೊಡ ಕೆಳಗಿಟ್ಟು ನಕ್ಕರು. ಗುಲಾಲು ಬಳಿದ ಆಳುಗಳೂ ಮುಖ ಮರೆಸಿಕೊಂಡು ನಕ್ಕರು.

“ಗಾಡ್ಯಾಗ ಇಂಜಿನ್ ಇಲ್ಲ, ಕ್ಯಾಂಡಿಡೇಟಿಗಿ ಬಾಯಿ ಇಲ್ಲ!” ಎಂದು ಲಾಲಿಬಾಯಿ ಕೂಗಿದಳು. “ವೋಟು ಯಾರಿಗಿ ಹಾಕೂದು, ಕೋಳಿಗೇನ?”

ಸತ್ಯವ್ವನ ಮೈಯೆಲ್ಲ ಉರಿದುಹೋಯಿತು. ಮುಂದಿನ ಸೀಟಿನ ಕಡೆ ನೋಡಿದಳು. ಹೊಳೆಪ್ಪ ಕಿಟಕಿಯ ಗಾಜು ಏರಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಎದುರಿಗೆ ನೋಡುತ್ತ, ನಿಂತ ಗಾಡಿಯ ಸ್ಟೀರಿಂಗನ್ನು ಆ ಕಡೆ ಈ ಕಡೆ ತಿರುಗಿಸುತ್ತಲೇ ಇದ್ದ. ಅದನ್ನು ಕಂಡದ್ದೇ ಅವಳ ಸಿಟ್ಟು ಎಲ್ಲಿ ಹೋಯಿತೋ. ಹೊಟ್ಟೆಯೊಳಗಿಂದ ನಗು ಎದ್ದು ಬಂತು. ಸೆರಗಿನಲ್ಲಿ ಬಾಯಿ ಮುಚ್ಚಿದರೂ ನಿಲ್ಲಲಿಲ್ಲ. ಬಾಗಿಲು ತೆರೆದು ಇಳಿದಳು. ಬಾನೆಟ್ಟಿನೊಳಗೆ ತಾನೂ ಇಣುಕಿ, ಕೋಳಿಯನ್ನು ಓಡಿಸಿ, ಲಾಲಿಬಾಯಿಯ ಹೆಗಲಿನ ಮೇಲೆ ಕೈಯಿಟ್ಟು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಎಷ್ಟೋ ವರ್ಷಗಳ ಮೇಲೆ ಅವಳು ಆ ಹೆಗಲನ್ನು ಮುಟ್ಟಿದ್ದಳು.

ಆಮೇಲೆ ಕೈಗಾಡಿಯ ಮೇಲಿದ್ದ ಮೈಕನ್ನು ಕೈಗೆ ತೆಗೆದುಕೊಂಡಳು.

“ಬಾಯಿ ಐತಿ, ಲಾಲಿ,” ಎಂದಳು. ತನ್ನ ದನಿ ತಗಡಿನ ಮಾಡುಗಳಿಗೆ ಬಡಿದು ತಿರುಗಿ ಬಂದದ್ದಕ್ಕೆ ಒಮ್ಮೆ ಬೆಚ್ಚಿದಳು. “ಕೇಳ್ರೆಪಾ. ಇವತ್ತ ಗಾಡಿ ನೂಕಿದವ್ರಿಗಿ ಎಲ್ಲಾರಿಗೂ ಪೂರಾ ಹಾಜರಿ ಐತಿ. ನಾ ಹೇಳಾಕತ್ತೇನಿ. ಲೈಸೆನ್ಸ್ ಯಾರ ಹೆಸರಿಲೆ ಐತಿ ಅಂತ ನಮ್ಮ ಮನಿಯವ್ರನ್ನ ಕೇಳ್ರಿ, ಅಲ್ಲೇ ಒಳಗ ಕುಂತಾರ. ಇನ್ನ ನೂಕೂದು ಸಾಕು. ಗಾಡಿ ಬಿಡ್ರಿ, ನನ್ನ ಜೋಡಿ ಬರ್ರಿ.”

ಆಳುಗಳು ಹೋ ಎಂದು ಗಾಡಿಯಿಂದ ಕೈ ತೆಗೆದರು. ಗಾಡಿ ಹಿಂದಕ್ಕೆ ಜರುಗಿತು. ಹೊಳೆಪ್ಪ ಬ್ರೇಕಿನ ಮೇಲೆ ಎರಡೂ ಕಾಲಿಟ್ಟು ಒತ್ತಿದ. ಕೈಬ್ರೇಕು ಟ್ಯಾಕ್ಸಿ ಸ್ಟ್ಯಾಂಡಿನ ಕಾಲದಲ್ಲೇ ಕೈಕೊಟ್ಟಿತ್ತು. ಕಾಲು ತೆಗೆದರೆ ಗಾಡಿ ನೇರ ಇಳಿಜಾರಿನ ಕೆಳಗಿನ ಮೀನಿನ ಅಂಗಡಿಗೇ. ಹಾಗಾಗಿ ಅವನು ಇಳಿಯುವಂತಿಲ್ಲ, ಕೂಗುವಂತೆಯೂ ಇಲ್ಲ; ಕೂಗಿದರೆ ಮೈಕಿನ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ. ಹಲಗೆ, ಹಾರ, ಜನರೇಟರು, ಚಂದಪ್ಪ ಎಲ್ಲ ಸತ್ಯವ್ವನ ಹಿಂದೆ ಮೂಲೆ ತಿರುಗಿ ಮಾಯವಾದವು. ನೀರು ತುಂಬಿಕೊಂಡು ಹೋಗುವ ಹೆಂಗಸರು ಕಿಟಕಿಯ ಹತ್ತಿರ ಬಗ್ಗಿ ನಮಸ್ಕಾರ ಮಾಡಿ ಹೋದರು. ಹೊಳೆಪ್ಪ ಬ್ರೇಕು ಒತ್ತಿಕೊಂಡೇ ಪ್ರತಿನಮಸ್ಕಾರ ಮಾಡಿದ. ಕೊನೆಗೆ ಲಾಲಿಬಾಯಿಯೇ ಕನಿಕರಪಟ್ಟು ಚಕ್ರದ ಹಿಂದೆ ಎರಡು ಕಲ್ಲಿಟ್ಟಳು. ಹೊಳೆಪ್ಪ ಬಾಗಿಲು ಹಿಡಿದುಕೊಂಡು ಕಂತುಕಂತಾಗಿ ಇಳಿದ. ಆ ಇಳಿತವನ್ನು ಮಾತ್ರ ಓಣಿಯೆಲ್ಲ ಎದ್ದು ನಿಂತು ನೋಡಿತು.

ಸತ್ಯವ್ವ ಗೆದ್ದಳು. ಹಾಜರಿಯ ಮಾತು ಗೆಲ್ಲಿಸಿತೋ, ಕೋಳಿ ಗೆಲ್ಲಿಸಿತೋ ಹೇಳಲಾಗದು. ಹೊಳೆಪ್ಪ ಮಾತ್ರ ತನ್ನ ಗಾಡಿಯಿಂದಲೇ ಗೆದ್ದದ್ದು ಎಂದ. ಅದು ಪೂರ್ತಿ ಸುಳ್ಳೂ ಅಲ್ಲ.

ಅಷ್ಟರಲ್ಲಿ ಲೇತಿನವನ ಫೆಸ್ತ ಮುಗಿದು ಹಿತ್ತಾಳೆಯ ಡಮ್ಮಿ ಬಂತು. ಮಕ್ತುಮಸಾಬ ಅದನ್ನು ಬಡಿದು ಕೂರಿಸಿ, ಇಂಜಿನ್ ಇಳಿಸಿ, ಗೋಣಿಚೀಲದ ಮೇಲೆ ಉಳಿದ ಒಂದೆರಡು ಬೋಲ್ಟುಗಳನ್ನು “ಇವು ಹೆಚ್ಚಿನವು” ಎಂದು ಜೇಬಿಗಿಳಿಸಿದ. ವಿಜಯದ ಮೆರವಣಿಗೆಗೆ ಗಾಡಿ ಸ್ವಂತ ಶಕ್ತಿಯಿಂದ ಹೊರಟಿತು. ಅದೇ ಏರು, ಅದೇ ನಳ. ಬುಸ್ಸೆಂದಿತು.

ಮಕ್ತುಮಸಾಬ ಕನ್ನಡಿ ಇಳಿಬಿಟ್ಟು ನೋಡಿದ.

“ನಾ ಹಾಕಿದ್ದು ಕಲ್ಲಿನಂಗ ಐತ್ರಿ,” ಎಂದ. “ಸೋರಾಕತ್ತಿದ್ದು ಅದರ ಬಾಜೂದ್ದು. ಅದು ಬ್ಯಾರೆ ಡಮ್ಮಿ.”

“ಉಕ್ಕಿನಂಗ ಐತಿ ಅಂದಿದ್ದ್ಯಲ್ಲೋ?” ಹೊಳೆಪ್ಪ ಕಿರುಚಿದ.

“ಉಕ್ಕೂ ತುಕ್ಕು ಹಿಡೀತದಲ್ರಿ. ಮತ್ತ ಇಂಜಿನ್ ಎತ್ತೂಣೇನ?”

“ಎತ್ತೂದು ಬ್ಯಾಡ. ಗ್ವಾಡಿ ಕತ್ತರಿಸು,” ಎಂದಳು ಹಿಂದಿನ ಸೀಟಿನಿಂದ ಸತ್ಯವ್ವ.

“ಏ! ಜರ್ಮನ್ ಗಾಡಿ ಅದು!”

“ಗಾಡಿ ಯಾರ ಹೆಸರಿಲೆ ಐತ್ರಿ?”

ಹೊಳೆಪ್ಪ ವಾಸ್ಕೋದ ಆ ಜಾಣನನ್ನು ಮನಸ್ಸಿನಲ್ಲೇ ಬೈದ. ಮಕ್ತುಮಸಾಬ ಮುಂದಿನ ಸೀಟು ಕಿತ್ತು, ಅಡ್ಡ ಮಲಗಿ, ತಗಡಿನ ಗೋಡೆಗೆ ಉಳಿ ಹಚ್ಚಿದ. ಒಂದೊಂದು ಪೆಟ್ಟಿಗೂ ಹೊಳೆಪ್ಪ ತನ್ನ ಎದೆ ಮುಟ್ಟಿಕೊಂಡ. ಊಟದ ತಾಟಿನಷ್ಟು ತಗಡು ಕಳಚಿ ಬಂದಾಗ ಇಂಜಿನ್ನಿನ ಬೆನ್ನು ಅಂಗೈ ಮುಂದೆಯೇ ಬಂತು. ಲೇತಿನವನು ಒಂದು ಹೆಚ್ಚಿಗೆ ಇರಲೆಂದು ಎರಡು ಬಿಲ್ಲೆ ಕಡೆದಿಟ್ಟಿದ್ದ. ಎರಡನೆಯದು ನಾಲ್ಕು ಪೆಟ್ಟಿಗೆ ಕೂತಿತು. ತೂತಿಗೆ ಎಣ್ಣೆ ಡಬ್ಬಿಯ ತಗಡು ಮುಚ್ಚಿ ಸ್ಕ್ರೂ ಬಿಗಿದದ್ದಾಯಿತು. ಸಂಜೆ ಚಹಾದ ಹೊತ್ತಿಗೆ ಗಾಡಿ ಏರು ಹತ್ತಿ ಇಳಿದು ಮನೆ ಸೇರಿತ್ತು. ಇಷ್ಟು ದಿನ ಇದನ್ನೇ ಯಾಕೆ ಮಾಡಲಿಲ್ಲವೆಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಉತ್ತರ ಗೊತ್ತಿತ್ತು.

ಪಂಚಾಯಿತಿಯ ಮೊದಲ ಸಭೆಗೆ ಹೊಳೆಪ್ಪ ಹೊಸ ಜುಬ್ಬಾ ತೊಟ್ಟು ಹೆಂಡತಿಗಿಂತ ಮೊದಲೇ ಮೆಟ್ಟಿಲು ಹತ್ತಿದ. ಮೆಂಬರಮ್ಮಂದಿರ ಗಂಡಂದಿರಿಗೆಂದು ಅಲ್ಲಿ ಕುರ್ಚಿಗಳ ಒಂದು ಸಾಲೇ ತಯಾರಾಗಿತ್ತು. ಅವನು ಒಂದನ್ನು ಎಳೆದುಕೊಳ್ಳುವಷ್ಟರಲ್ಲಿ ಸತ್ಯವ್ವ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, ತುಂಬ ಮರ್ಯಾದೆಯಿಂದ ಹೇಳಿದಳು:

“ನೀವು ಗಾಡಿ ಕಡೆ ಇರ್ರಿ. ಬಿಸಿ ಆಗಿದ್ರ ಒಂದೀಟ ನೀರು ಹಾಕ್ರಿ. ಒಳಗಿನ ಕೆಲಸ ನಾ ನೋಡ್ತೀನಿ.”

ಸಭೆಯಲ್ಲಿ ಅವಳು ಗಟ್ಟಿಯಾಗಿಯೇ ಮಾತಾಡಿದಳೆಂದು ಆಮೇಲೆ ಎಲ್ಲರೂ ಹೇಳಿದರು. ಏರಿನ ಓಣಿಯ ಹೆಂಗಸರು ಒಂದೇ ನಳಕ್ಕೆ ಹೇಗೆ ಬಡಿದಾಡುತ್ತಾರೆಂದು ಕೈ ತಿರುವಿ ಹೇಳಿ, ವಾರ್ಡಿಗೆ ಇನ್ನೊಂದು ನಳ ಮಂಜೂರು ಮಾಡಿಸಿಕೊಂಡಳು. ನಳ ಬಂತು. ಅದು ಬಂದದ್ದು ಏರಿನ ಓಣಿಗಲ್ಲ, ಸತ್ಯವ್ವನ ಮನೆಯ ಎದುರಿಗೆ.

ಲಾಲಿಬಾಯಿ ಕೊಡ ಹೊತ್ತು ಅಷ್ಟು ದೂರ ಇಳಿದು ಬಂದು, ಹೊಸ ನಳವನ್ನೂ ಮನೆಯ ಬಾಗಿಲನ್ನೂ ಬದಲಿಸಿ ಬದಲಿಸಿ ನೋಡಿದಳು.

“ಲಗೂನ ಕಲ್ತಿ ಬಿಡವಾ, ಸತ್ಯವ್ವ,” ಎಂದಳು.

ಸತ್ಯವ್ವನ ಮುಖ ಕೆಂಪಾಯಿತು. ಪೈಪು ಅಲ್ಲಿಗೇ ಹತ್ತಿರ, ಇಂಜಿನಿಯರು ಹಾಗೇ ಅಂದ ಎಂದು ಏನೇನೋ ಹೇಳಿದಳು. ಲಾಲಿಬಾಯಿ ಕೊಡ ತುಂಬಿಸಿಕೊಂಡು ತಲೆಗೇರಿಸಿ, ಏರಿನ ಕಡೆ ನಡೆದಳು. ಮುಂದಿನ ವರ್ಷ ಮೇಲಿನ ಓಣಿಗೂ ಒಂದು ನಳ ಹಾಕಿಸುತ್ತೇನೆ ಎಂದು ಸತ್ಯವ್ವ ಹಿಂದಿನಿಂದ ಕೂಗಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ.